ದೇಣಿಗೆಗೆ ದುಬೈ, ಮತಕ್ಕೆ ಮಾಟುಂಗ

(ದುಬೈಯ ಓದುಗರೊಬ್ಬರ ಪತ್ರದ ಸಾರ: "ಮುಂಬೈಯಲ್ಲಿ ನಾವು ಕಲಿತ ಕನ್ನಡ ರಾತ್ರಿಶಾಲೆಯ ಹಳೆ ವಿದ್ಯಾರ್ಥಿ ಸಂಘದ ಅರ್ಧದಷ್ಟು ಸದಸ್ಯರು ಈಗ ಕೊಲ್ಲಿ ದೇಶಗಳಲ್ಲಿದ್ದೇವೆ. ವಿದ್ಯಾರ್ಥಿವೇತನದ ಹಣ ಬಹುಪಾಲು ನಮ್ಮದು. ಮಹಾಸಭೆ ಮಾತ್ರ ಪ್ರತಿವರ್ಷ ಭಾನುವಾರ ಬೆಳಿಗ್ಗೆ ಮಾಟುಂಗದಲ್ಲಿ. ಮತ ಕೇಳಿದರೆ 'ಬಂದು ಹಾಕಿ' ಎನ್ನುತ್ತಾರೆ. ಒತ್ತಾಯಿಸಿದರೆ 'ನಿಮ್ಮದು ವಿದೇಶಿ ಹಣ, ಕಾನೂನಿನ ತೊಡಕಿದೆ' ಎನ್ನುತ್ತಾರೆ. ನಾವು ಇಲ್ಲೇ ಬೇರೆ ಸಂಘ ಕಟ್ಟಿಕೊಳ್ಳಬಾರದೇಕೆ?" ಹೆಸರು ಪ್ರಕಟಿಸಬಾರದೆಂದು ಕೋರಿದ್ದಾರೆ.)

ಮಾನ್ಯರೇ,

ಮೊದಲು ಆ 'ವಿದೇಶಿ ಹಣ'ದ ಗುಮ್ಮನನ್ನು ಓಡಿಸೋಣ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ, ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಯೊಬ್ಬ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣ ವಿದೇಶಿ ದೇಣಿಗೆಯೇ ಅಲ್ಲ. ಕೊಲ್ಲಿಯಲ್ಲಿ ಮೂವತ್ತು ವರ್ಷ ದುಡಿದರೂ ನಮ್ಮವರಿಗೆ ಅಲ್ಲಿಯ ಪೌರತ್ವ ಸಿಗುವುದು ಅಪರೂಪ; ಹಾಗಾಗಿ ನಿಮ್ಮಲ್ಲಿ ಬಹುತೇಕರು ಕಾನೂನಿನ ಕಣ್ಣಿಗೆ ಅಪ್ಪಟ ಭಾರತೀಯರು. ತೊಡಕು ಬರುವುದು ಅಮೆರಿಕ, ಕೆನಡಾಗಳಿಗೆ ಹೋಗಿ ಪಾಸ್‌ಪೋರ್ಟ್ ಬದಲಿಸಿದವರ ವಿಷಯದಲ್ಲಿ. ಅವರ ಬಳಿ ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅವರ ದೇಣಿಗೆ ವಿದೇಶಿಯೇ. ಅದನ್ನು ಪಡೆಯಲು ಸಂಘಕ್ಕೆ ಕೇಂದ್ರ ಗೃಹ ಸಚಿವಾಲಯದ ಅನುಮತಿ ಬೇಕು, 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಗೇ ಬಂದು ಬೀಳಬೇಕು. ನಿಮ್ಮ ಸಮಿತಿ ಎರಡನ್ನೂ ಒಂದೇ ಮೂಟೆಗೆ ತುಂಬಿದೆ. ಅದೂ ವಿಚಿತ್ರವಾಗಿ: ಹಣ ಬರುವಾಗ ಕಾಣದ ತೊಡಕು ಮತ ಕೇಳಿದಾಗ ಕಾಣಿಸುತ್ತದೆ.

ಆದರೆ ನಿಮ್ಮ ಪತ್ರದ ಒಂದು ವಾದ ನನಗೆ ಒಪ್ಪಿಗೆಯಿಲ್ಲ. ಹಣ ನಮ್ಮದು, ಆದ್ದರಿಂದ ಮತ ಬೇಕು ಎನ್ನುತ್ತೀರಿ. ದಿರ್ಹಮ್ ತೂಗಿ ಮತ ಕೊಡುವುದಾದರೆ ದುಬೈಯ ಸೋನಾಪುರದ ಲೇಬರ್ ಕ್ಯಾಂಪಿನಲ್ಲಿ ಕೋಣೆ ಹಂಚಿಕೊಂಡು ಬದುಕುವ ನಿಮ್ಮದೇ ಸಹಪಾಠಿಗೆ ಏನು ಉಳಿಯುತ್ತದೆ? ಮುಂಬೈಯ ಫೋರ್ಟಿನ ಕ್ಯಾಂಟೀನಿನಲ್ಲಿ ಇಂದಿಗೂ ಟ್ರೇ ಹಿಡಿದು ಓಡಾಡುವವನಿಗೆ? ಮತದ ಹಕ್ಕು ಬರುವುದು ದೇಣಿಗೆಯಿಂದಲ್ಲ, ಸದಸ್ಯತ್ವದ ಚಂದಾದಿಂದ. ಇಲ್ಲೇ ಒಂದು ಗುಂಡಿಯಿದೆ, ನೋಡಿಕೊಳ್ಳಿ. 1860ರ ಸಂಘಗಳ ನೋಂದಣಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಚಂದಾ ಮೂರು ತಿಂಗಳಿಗಿಂತ ಹೆಚ್ಚು ಬಾಕಿ ಉಳಿಸಿಕೊಂಡವರಿಗೆ ಮತವಿಲ್ಲ. ವಿದ್ಯಾರ್ಥಿವೇತನಕ್ಕೆ ಲಕ್ಷ ರೂಪಾಯಿ ಕೊಟ್ಟು ವಾರ್ಷಿಕ ಚಂದಾ ಮರೆತವರು ಸನ್ಮಾನಕ್ಕೆ ಅರ್ಹರು, ಮತಕ್ಕಲ್ಲ. ಸಣ್ಣ ಮೊತ್ತಕ್ಕೆ ಎಕ್ಸ್‌ಚೇಂಜ್ ಅಂಗಡಿಯ ಶುಲ್ಕ ತೆರಬೇಕು ಎಂಬ ಗೊಣಗು ನ್ಯಾಯವಾದದ್ದೇ. ಆದರೆ 2023ರಿಂದ ಯುಎಇ, ಒಮಾನ್, ಕತಾರ್, ಸೌದಿಯ ಮೊಬೈಲ್ ಸಂಖ್ಯೆಗಳನ್ನೂ ಅನಿವಾಸಿಗಳ ಬ್ಯಾಂಕ್ ಖಾತೆಗಳಾದ ಎನ್‌ಆರ್‌ಇ, ಎನ್‌ಆರ್‌ಒಗಳಿಗೆ ಜೋಡಿಸಿ ಯುಪಿಐ ಮಾಡಲು ಅವಕಾಶವಾಗಿದೆ. ನಿಮ್ಮ ಬ್ಯಾಂಕು ಆ ಸೌಲಭ್ಯ ಕೊಟ್ಟಿದೆಯೇ ವಿಚಾರಿಸಿ.

ಇನ್ನು 'ಬಂದು ಹಾಕಿ' ಎಂಬ ಮಾತು. ಇದೇ ಕಾಯ್ದೆಯ 12ನೇ ಸೆಕ್ಷನ್, ಸಂಘದ ಉದ್ದೇಶವನ್ನೇ ಬದಲಾಯಿಸುವಂಥ ನಿರ್ಧಾರಕ್ಕೆ ಐದನೇ ಮೂರರಷ್ಟು ಮತ ಬೇಕೆನ್ನುವಾಗ, ಖುದ್ದಾಗಿ ಅಥವಾ ಪ್ರತಿನಿಧಿಯ ಮೂಲಕ ಹಾಕಿದ ಮತ ಎಂದೇ ಹೇಳುತ್ತದೆ. ಹಡಗಿನ ಕಾಲದ ಕಾಯ್ದೆಗೆ ಹೊಳೆದದ್ದು ವಿಮಾನದ ಕಾಲದ ಸಮಿತಿಗೆ ಹೊಳೆದಿಲ್ಲ! ಉಳಿದ ನಿರ್ಧಾರಗಳಿಗೆ ಪ್ರತಿನಿಧಿ ಮತ, ಆನ್‌ಲೈನ್ ಹಾಜರಿ ಇವೆಲ್ಲ ನಿಮ್ಮ ನಿಯಮಾವಳಿಯಲ್ಲಿ ಬರೆದಿರಬೇಕು. ಬರೆಯದೆ ಅಧ್ಯಕ್ಷರ ದಾಕ್ಷಿಣ್ಯಕ್ಕೆ ಬಿಟ್ಟರೆ ಅಧ್ಯಕ್ಷರು ಬದಲಾದಂತೆ ನ್ಯಾಯವೂ ಬದಲಾಗುತ್ತದೆ. ಬರೆಯುವಾಗ ಒಬ್ಬರ ಕೈಯಲ್ಲಿ ಎರಡಕ್ಕಿಂತ ಹೆಚ್ಚು ಪ್ರತಿನಿಧಿ ಮತ ಇರಬಾರದೆಂದೂ ಸೇರಿಸಿ. ಇಲ್ಲವಾದರೆ ಒಬ್ಬನೇ ಮಹಾನುಭಾವ ಐವತ್ತು ಚೀಟಿ ಜೇಬಿನಲ್ಲಿಟ್ಟುಕೊಂಡು ಬಂದು ಇಡೀ ಸಭೆಯನ್ನು ನುಂಗುತ್ತಾನೆ.

ಸಭೆಯ ಹೊತ್ತಿನ ಪ್ರಶ್ನೆ ನೀವು ತಿಳಿದಷ್ಟು ಸರಳವಲ್ಲ. ಮಾಟುಂಗದ ಬೆಳಗಿನ ಹತ್ತು ಗಂಟೆ ನಿಮಗೆ ಎಂಟೂವರೆ, ಕುವೈತ್, ದೋಹಾಗಳಲ್ಲಿ ಏಳೂವರೆ. ನಿಮ್ಮಲ್ಲಿ 2022ರ ಜನವರಿಯಿಂದ ವಾರದ ರಜೆ ಶನಿವಾರ, ಭಾನುವಾರಕ್ಕೆ ಬಂದಿದೆ. ಕುವೈತ್, ಮಸ್ಕತ್‌ಗಳಲ್ಲಿ ಇನ್ನೂ ಶುಕ್ರವಾರ, ಶನಿವಾರವೇ ರಜೆ, ಭಾನುವಾರ ಕಚೇರಿ. ಹಾಗಾದರೆ ಶನಿವಾರ ಸಂಜೆ ಆರೂವರೆಗೆ ಇಡೋಣವೇ? ಅಲ್ಲಿ ಬಹುತೇಕರಿಗೆ ಬಿಡುವು, ಇಲ್ಲಿ ಹೋಟೆಲು ನಡೆಸುವ ಸದಸ್ಯರಿಗೆ ವಾರದಲ್ಲೇ ಅತಿ ಹೆಚ್ಚು ವ್ಯಾಪಾರದ ಹೊತ್ತು. ಗಲ್ಲಾಪೆಟ್ಟಿಗೆ ಬಿಟ್ಟು ಯಾರು ಬರುತ್ತಾರೆ? ಭಾನುವಾರವೂ ಇಲ್ಲಿಯವರಿಗೆ ಸುಖವಿಲ್ಲ: ಹಳಿ ದುರಸ್ತಿಗೆಂದು ಲೋಕಲ್ ರೈಲು ತಡೆಹಿಡಿಯುವ ಮೆಗಾಬ್ಲಾಕಿನ ದಿನ ದೂರದ ಉಪನಗರ ಡೊಂಬಿವಲಿಯಿಂದ ಹೊರಟವರು ಮಾಟುಂಗ ತಲುಪುವಷ್ಟರಲ್ಲಿ ವರದಿ ವಾಚನ ಮುಗಿದು ಉಪಾಹಾರದ ತಟ್ಟೆ ಹಂಚುತ್ತಿರುತ್ತಾರೆ. ಆದ್ದರಿಂದ ಒಂದು ವರ್ಷ ಶನಿವಾರ, ಮರುವರ್ಷ ಭಾನುವಾರ ಎಂದು ಸರದಿ ಇಟ್ಟುಕೊಳ್ಳಿ. ಆನ್‌ಲೈನ್ ಬಾಗಿಲು ತೆರೆದರೆ ಡೊಂಬಿವಲಿಗೂ ಅಷ್ಟೇ ಉಪಕಾರ. ಅದು ವಾಟ್ಸಾಪ್ ಕರೆಯಾಗದಿರಲಿ, ಯುಎಇಯಲ್ಲಿ ಅದಕ್ಕೆ ತಡೆಯಿದೆ, ಜೂಮ್ ನಡೆಯುತ್ತದೆ.

ಮುಂಬೈ ಸಮಿತಿಗೂ ಎರಡು ಮಾತು. "ಅಲ್ಲೇ ಸ್ವಲ್ಪ ವಂತಿಗೆ ಎತ್ತಿ ಕಳುಹಿಸಿ" ಎಂದು ಹೇಳುವುದು ನಿಮಗೆ ಸುಲಭ. ಯುಎಇಯಲ್ಲಿ ಪರವಾನಗಿ ಇಲ್ಲದೆ ಸಾರ್ವಜನಿಕರಿಂದ ಹಣ ಸಂಗ್ರಹಿಸುವುದು 2021ರ ಕಾಯ್ದೆಯಡಿ ಅಪರಾಧ; ಸಿಕ್ಕಿಬಿದ್ದರೆ ಕೆಲಸವೂ ಹೋಗಬಹುದು, ವೀಸಾವೂ ಹೋಗಬಹುದು. ಇಲ್ಲಿ ಕುಳಿತು ಅಲ್ಲಿಯವರ ಕುತ್ತಿಗೆಗೆ ಹಗ್ಗ ಹಾಕಬೇಡಿ. 'ಗಲ್ಫ್ ಘಟಕದ ಗೌರವಾಧ್ಯಕ್ಷ' ಎಂಬ ಪದವಿ ಸೃಷ್ಟಿಸಿ ಮೂಗಿಗೆ ತುಪ್ಪ ಸವರುವುದೂ ಬೇಡ. ಕಾರ್ಯಕಾರಿ ಸಮಿತಿಯಲ್ಲಿ ಮತವಿರುವ ಸ್ಥಾನಗಳನ್ನೇ ಕಾಯ್ದಿರಿಸಿ.

ಆದರೆ ಓದುಗರೇ, ಕಾರ್ಯದರ್ಶಿ ಮತ್ತು ಖಜಾಂಚಿ ಮುಂಬೈಯಲ್ಲೇ ಇರಲಿ. ಸಮಿತಿ ಬದಲಾದರೆ ತೊಂಬತ್ತು ದಿನಗಳೊಳಗೆ ಸಂಘ, ಟ್ರಸ್ಟುಗಳ ಮೇಲ್ವಿಚಾರಣೆ ನೋಡುವ ಧರ್ಮಾದಾಯ ಆಯುಕ್ತರಿಗೆ (ಚಾರಿಟಿ ಕಮಿಷನರ್) ಬದಲಾವಣೆ ವರದಿ ಕೊಡಬೇಕು. ವರ್ಲಿಯ ಆ ಕಚೇರಿಗೆ ಅಲೆಯುವವರು, ಚೆಕ್ಕಿಗೆ ಸಹಿ ಹಾಕುವವರು ಊರಿನಲ್ಲಿರಬೇಕಾಗುತ್ತದೆ. ಆ ಓಡಾಟವನ್ನು ಸಂಬಳವಿಲ್ಲದೆ ಮಾಡುತ್ತ ಬಂದವರ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಒಳ್ಳೆಯ ಮಾತಾದರೂ ಇರಬೇಕಿತ್ತು.

ಬೇರೆ ಸಂಘ ಬೇಡ. ಅಲ್ಲಿ ಪರವಾನಗಿ ಪಡೆದು ಸಂಘ ಕಟ್ಟುವುದು ಸಲೀಸಲ್ಲ, ಕಟ್ಟಿದರೂ ಇಲ್ಲಿಯ ಮಕ್ಕಳ ಫೀಸು ಕಟ್ಟಲು ಮತ್ತೆ ಇಲ್ಲಿಯ ಸಂಘದ ಬಾಗಿಲಿಗೇ ಬರಬೇಕು. ಬಾಕಿ ಚಂದಾ ಕಟ್ಟಿ ರಸೀದಿ ತೆಗೆದುಕೊಳ್ಳಿ, ನಿಯಮಾವಳಿಯ ಪ್ರತಿ ಕೇಳಿ, ತಿದ್ದುಪಡಿಯ ಕರಡನ್ನು ಮಹಾಸಭೆಯ ನೋಟಿಸು ಹೊರಡುವ ಮೊದಲೇ ಲಿಖಿತವಾಗಿ ಕಳುಹಿಸಿ. ಸಮಿತಿಯವರು ಉತ್ತರ ಬರೆದರೆ ಅದಕ್ಕೂ ಈ ಪುಟದಲ್ಲಿ ಇಷ್ಟೇ ಜಾಗ ಕೊಡುತ್ತೇವೆ.

– ಸಂ.