ಗೋಡೆಗೆ ಹೊಡೆದ ಚೆಂಡು: ಪಾಯಿಂಟ್ ಯಾರದು?

ಪ್ರಶ್ನೆ: ನನ್ನ ಮಗ ಮತ್ತು ಅವನ ಗೆಳೆಯರು ಊಟದ ಬಿಡುವಿನಲ್ಲಿ ಶಾಲೆಯ ಗೋಡೆಗೆ ಟೆನಿಸ್ ಚೆಂಡನ್ನು ಅಂಗೈಯಿಂದ ಹೊಡೆದು ಆಡುತ್ತಾರೆ. ಚೆಂಡು ಗೋಡೆ ಮುಟ್ಟುವ ಮೊದಲೇ ಎದುರಾಳಿಯ ಮೈಗೆ ತಗುಲಿದರೆ ಪಾಯಿಂಟ್ ಯಾರಿಗೆಂದು ದಿನವೂ ಜಗಳ. ಈ ಆಟಕ್ಕೆ ನಿಯಮಗಳಿವೆಯೇ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಖಂಡಿತ ಇವೆ. ಇಂಗ್ಲೆಂಡಿನ ಈಟನ್ ಶಾಲೆಯ ಹುಡುಗರು ಪ್ರಾರ್ಥನಾ ಮಂದಿರದ ಹೊರಗೋಡೆಗೆ ಚೆಂಡು ಹೊಡೆದು ಆಡುತ್ತಿದ್ದುದೇ ಮುಂದೆ ‘ಈಟನ್ ಫೈವ್ಸ್’ ಎಂಬ ಆಟವಾಯಿತು. 1840ರಲ್ಲಿ ಅದಕ್ಕೆಂದೇ ಅಂಕಣಗಳನ್ನು ಕಟ್ಟಿದಾಗ, ಮಂದಿರದ ಗೋಡೆಯಿಂದ ಮುಂಚಾಚಿದ್ದ ಆಸರೆಗಂಬವನ್ನೂ ಬಿಡದೆ ಅದರಂತೆಯೇ ಕಟ್ಟಿಸಿದರು. ನಿಮ್ಮ ಮಗ ಆಡುವುದು ಅದಕ್ಕಿಂತಲೂ ಹೆಚ್ಚಾಗಿ ನ್ಯೂಯಾರ್ಕಿನ ಬೀದಿಬದಿಯ ಮೈದಾನಗಳಲ್ಲಿ ಆಡುವ ಒಂದೇ ಗೋಡೆಯ ಹ್ಯಾಂಡ್‌ಬಾಲನ್ನು ಹೋಲುತ್ತದೆ. ಅಲ್ಲಿ ಗೋಡೆಯ ಎತ್ತರ 16 ಅಡಿ, ಅಂಕಣದ ಅಗಲ 20 ಅಡಿ, ಉದ್ದ 34 ಅಡಿ. ಬಲೆ ಬೇಡ, ಬ್ಯಾಟು ಬೇಡ. ಎರಡು ಪಾಳಿಗಳ ಮಕ್ಕಳು ಒಂದೇ ಅಂಗಳವನ್ನು ಹಂಚಿಕೊಳ್ಳುವ ಮುಂಬಯಿಯ ಶಾಲೆಗಳಿಗೆ ಇದಕ್ಕಿಂತ ಹೊಂದುವ ಆಟ ಅಪರೂಪ ಎಂದೇ ನನ್ನ ಭಾವನೆ.

ಸರ್ವ್ ಮಾಡುವವನು ಚೆಂಡನ್ನು ನೆಲಕ್ಕೆ ಒಮ್ಮೆ ಪುಟಿಸಿ ಹೊಡೆಯಬೇಕು. ಅದು ಗೋಡೆಗೆ ಬಡಿದು, ಗೋಡೆಯಿಂದ 16 ಅಡಿಯಲ್ಲಿರುವ ಗೆರೆಯನ್ನು ದಾಟಿ ಬೀಳಬೇಕು. ಬಳಿಕ ಇಬ್ಬರೂ ಸರದಿಯಂತೆ, ಚೆಂಡು ನೆಲ ಮುಟ್ಟುವ ಮೊದಲು ಅಥವಾ ನಮ್ಮ ಗಲ್ಲಿ ಕ್ರಿಕೆಟ್ಟಿನ ಭಾಷೆಯಲ್ಲಿ ಹೇಳುವುದಾದರೆ ‘ಒಂದು ಟಪ್ಪಾ’ ಬಿದ್ದ ಮೇಲೆ, ಒಂದೇ ಕೈಯಿಂದ ಹೊಡೆಯಬೇಕು. ಯಾವ ಕೈಯಾದರೂ ಸರಿ, ಹಿಡಿದು ಎಸೆಯುವಂತಿಲ್ಲ. ಸರ್ವ್ ಮಾಡಿದವನಿಗೆ ಮಾತ್ರ ಪಾಯಿಂಟ್. ಎದುರಾಳಿ ಗೆದ್ದರೆ ಅವನಿಗೆ ಸರ್ವ್ ಸಿಗುತ್ತದೆಯೇ ಹೊರತು ಪಾಯಿಂಟಲ್ಲ. ಹುಡುಗರ ಎಣಿಕೆ ಅರ್ಧ ತಪ್ಪುವುದು ಇಲ್ಲಿಯೇ ಇರಬಹುದು. ಸಾಮಾನ್ಯವಾಗಿ 21 ಪಾಯಿಂಟಿಗೆ ಆಟ ಮುಗಿಯುತ್ತದೆ.

ಇನ್ನು ಜಗಳದ ವಿಷಯ. ಗೋಡೆಯತ್ತ ಹೋಗುತ್ತಿದ್ದ ಚೆಂಡು ಎದುರಾಳಿಗೆ ತಗುಲಿದರೆ ಯಾರಿಗೂ ಪಾಯಿಂಟಿಲ್ಲ. ಅದೇ ಸರ್ವನ್ನು ಮತ್ತೆ ಮಾಡಬೇಕು. ಬೇಕೆಂದೇ ಅಡ್ಡ ನಿಂತವನು ಮಾತ್ರ ಆ ಸರದಿಯನ್ನು ಕಳೆದುಕೊಳ್ಳುತ್ತಾನೆ. ಜೋಡಿಯಾಟದಲ್ಲಿ ಹೊಡೆದವನ ಚೆಂಡು ಅವನ ಜೊತೆಗಾರನಿಗೇ ತಗುಲಿದರೆ ನಷ್ಟ ಅವರದೇ. ತೀರ್ಪುಗಾರರಿಲ್ಲದ ಅಂಗಳದಲ್ಲಿ, ಎದುರಿನವನ ಬೆನ್ನಿಗೆ ಬಡಿಯುವ ಅನುಮಾನವಿದ್ದರೆ ಹೊಡೆಯದೆ ಕೈ ತಡೆದು ‘ಮತ್ತೆ’ ಎನ್ನುವ ಅಧಿಕಾರವನ್ನು ಹೊಡೆಯುವವನಿಗೇ ಕೊಡುವುದು ಒಳ್ಳೆಯದು, ಏಕೆಂದರೆ ಹತ್ತಿರದಿಂದ ಬಂದ ಚೆಂಡು ಕಣ್ಣಿಗೆ ಬಿದ್ದರೆ ಅಪಾಯ.

ಚಿಕ್ಕ ಮಕ್ಕಳಿಗೆ 16 ಅಡಿಯ ಗೆರೆ ದೂರವಾಗುತ್ತದೆ, ಪಿ.ಟಿ. ಶಿಕ್ಷಕರನ್ನು ಕೇಳಿ, ಸೀಮೆಸುಣ್ಣದಿಂದ ಹತ್ತು ಅಡಿಗೆ ಎಳೆಸಿಕೊಳ್ಳಲಿ. ಮಳೆಗಾಲದಲ್ಲಿ ಗೋಡೆಯ ಬುಡಕ್ಕೆ ಪಾಚಿ ಹಿಡಿದಿರುವಾಗ ಮಾತ್ರ ಅಲ್ಲಿ ಆಡುವುದು ಬೇಡ.