ಕಾರ್ಪಲ್ ಟನಲ್‌ಗೆ ಮಸಾಜ್ ಮಾಡಿಸಿದರೆ ಆಪರೇಶನ್ ತಪ್ಪುತ್ತಾ?

ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರ ಆಗುತ್ತದೆ, ಡಾಕ್ಟರ್ ಕಾರ್ಪಲ್ ಟನಲ್ ಸಿಂಡ್ರೋಮ್ (ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ ಕಾಯಿಲೆ) ಅಂದಿದ್ದಾರೆ, ಆಪರೇಶನ್ ಅಂದರೆ ಭಯ, ಮಣಿಕಟ್ಟಿಗೆ ದಿನಾ ಗಟ್ಟಿಯಾಗಿ ಮಸಾಜ್ ಮಾಡಿಸಿದರೆ ಹೋಗುತ್ತಾ ಅಂತ ಕೇಳಿದ್ದೀರಿ. ನಾನು ಹನ್ನೊಂದು ವರ್ಷದಿಂದ ಮಸಾಜ್ ಮಾಡಿಯೇ ಹೊಟ್ಟೆ ಹೊರೆಯುವವಳು. "ಹೋಗುತ್ತದೆ, ಬನ್ನಿ" ಅನ್ನುವುದೇ ನನಗೆ ಲಾಭದ ಉತ್ತರ. ಆದರೆ ಮೂರು ವರ್ಷದ ಹಿಂದೆ ಈ ಕಾಯಿಲೆ ನನ್ನ ಬಲಗೈಗೇ ಬಂತು. ಅದಾದ ಮೇಲೆ ಆ ಉತ್ತರ ಬಾಯಿಗೆ ಬರುವುದಿಲ್ಲ.

ಮಸಾಜ್‌ನಿಂದ ಹಿತ ಸಿಗುತ್ತದೆ, ನಿಜ. ಆದರೆ ಮಾಡಬೇಕಾದದ್ದು ಮಣಿಕಟ್ಟಿಗಲ್ಲ, ಮುಂಗೈಗೆ, ಅಂದರೆ ಮಣಿಕಟ್ಟಿಗೂ ಮೊಣಕೈಗೂ ನಡುವಿನ ಭಾಗಕ್ಕೆ. ಅದೊಂದನ್ನೇ ನಂಬಿ ಕೂರಲೂಬಾರದು.

ನನಗೆ ಶುರುವಾದದ್ದೂ ರಾತ್ರಿಯೇ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರಕ್ಕೂ ಇರುವೆ ಮುತ್ತಿದ ಹಾಗೆ. ಎದ್ದು ಕೂತು, ಒದ್ದೆ ಕೈ ಕೊಡವುವ ಹಾಗೆ ನಾಲ್ಕು ಸಲ ಕೊಡವಿದರೆ ಕಡಿಮೆ ಆಗುತ್ತಿತ್ತು. ದಿನವಿಡೀ ಅಂಗೈ ಬುಡ ಊರಿ ಬೇರೆಯವರ ಬೆನ್ನು ಒತ್ತುವ ಕೆಲಸ, ಆಯಾಸ ಇರಬೇಕು ಅಂದುಕೊಂಡೆ. ಕೈಯಲ್ಲೇ ವಿದ್ಯೆ ಇದೆಯಲ್ಲ, ಇನ್ನೊಬ್ಬರನ್ನು ಯಾಕೆ ಕೇಳಬೇಕು? ಎಡಗೈ ಹೆಬ್ಬೆರಳನ್ನು ಬಲ ಮಣಿಕಟ್ಟಿನ ಮಧ್ಯಕ್ಕೆ ಊರಿ, ದಿನಾ ಮಲಗುವ ಮುಂಚೆ ಹತ್ತು ನಿಮಿಷ ಅದುಮಿ ಅದುಮಿ ತಿಕ್ಕಿದೆ. ರಾತ್ರಿ ಒಂದು ಸಲ ಏಳುತ್ತಿದ್ದವಳು ಒಂದು ವಾರದೊಳಗೆ ಮೂರು ಸಲ ಏಳತೊಡಗಿದೆ.

ಕೊನೆಗೆ ಡಾಕ್ಟರ್ ಹತ್ತಿರ ಹೋದೆ. ಅವರು ನನ್ನ ಕೈಯನ್ನು ಮೇಜಿನ ಮೇಲೆ ಅಂಗಾತ ಇಡಿಸಿ, ತಮ್ಮ ಎರಡೂ ಹೆಬ್ಬೆರಳನ್ನು ಮಣಿಕಟ್ಟು ಅಂಗೈಗೆ ಸೇರುವ ಕಡೆ ಒತ್ತಿ ಹಿಡಿದು ಗಡಿಯಾರ ನೋಡುತ್ತಾ ಕೂತರು. ಇಪ್ಪತ್ತು ಸೆಕೆಂಡ್ ಆಗುವ ಮೊದಲೇ ಬೆರಳುಗಳಲ್ಲಿ ಜುಮುಜುಮು ಶುರು. ಡರ್ಕನ್ ಎಂಬ ವೈದ್ಯರು 1991ರಲ್ಲಿ ಪ್ರಕಟಿಸಿದ ಪರೀಕ್ಷೆ ಇದು. 30 ಸೆಕೆಂಡ್ ಒತ್ತಿ, ಜೋಮು ಬಂದರೆ ಕಾರ್ಪಲ್ ಟನಲ್ ಇರುವ ಅನುಮಾನ ಗಟ್ಟಿಯಾಗುತ್ತದೆ. ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ರೋಗವನ್ನು ಕೆಣಕಿ ನೋಡಲು ಅವರು ಅರ್ಧ ನಿಮಿಷ ಮಾಡುವುದನ್ನು ನಾನು ಔಷಧಿ ಅಂತ ದಿನಾ ಹತ್ತು ನಿಮಿಷ ಮಾಡಿಕೊಳ್ಳುತ್ತಿದ್ದೆ!

ಯಾಕೆ ಹೀಗೆ ಅಂದರೆ, ಮಣಿಕಟ್ಟಿನ ಒಳಗೆ ಜಾಗವೇ ಇಲ್ಲ. ಕೆಳಗೆ ಎಂಟು ಸಣ್ಣ ಮೂಳೆಗಳು ಸೇರಿ ಒಂದು ದೋಣಿಯ ಹಾಗೆ ಇವೆ. ಮೇಲೆ ಬೆಲ್ಟಿನಂಥ ಗಟ್ಟಿ ಪಟ್ಟಿ. ನಡುವಿನ ಆ ಸುರಂಗದಲ್ಲಿ ಬೆರಳು ಮಡಚುವ ಒಂಬತ್ತು ಟೆಂಡನ್‌ಗಳು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು) ಮತ್ತು ಒಂದು ನರ, ಮೀಡಿಯನ್ ನರ. ಟೆಂಡನ್‌ಗಳ ಸುತ್ತಲಿನ ಪೊರೆ ಸ್ವಲ್ಪ ಊದಿದರೂ ಪೆಟ್ಟು ತಿನ್ನುವುದು ನರವೇ, ಅದೇ ಮೆತ್ತಗಿರುವುದು. ಅಮೆರಿಕದಲ್ಲಿ 1981ರಲ್ಲಿ ಸುರಂಗದೊಳಗಿನ ಒತ್ತಡವನ್ನೇ ಅಳೆದು ನೋಡಿದ್ದರು. ಕೈ ನೆಟ್ಟಗಿದ್ದಾಗ ಆರೋಗ್ಯವಂತರಲ್ಲಿ ಸರಾಸರಿ 2.5 ಮಿಲಿಮೀಟರ್ ಪಾದರಸದಷ್ಟು, ಈ ಕಾಯಿಲೆಯವರಲ್ಲಿ 32. ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಬಗ್ಗಿಸಿದರೆ ಕಾಯಿಲೆಯವರಲ್ಲಿ 94ಕ್ಕೆ ಏರಿತ್ತು. ರಾತ್ರಿಯೇ ಯಾಕೆ ಜಾಸ್ತಿ ಅಂತ ಈಗ ಗೊತ್ತಾಯಿತಲ್ವಾ? ನಿದ್ದೆಯಲ್ಲಿ ನಾವು ಕೈಯನ್ನು ದಿಂಬಿನ ಕೆಳಗೆ, ಗಲ್ಲದ ಕೆಳಗೆ ಮಡಚಿಕೊಂಡು ಮಲಗುತ್ತೇವೆ. ಇಂಥ ಜಾಗವನ್ನು ಮೇಲಿನಿಂದ ಹೆಬ್ಬೆರಳಲ್ಲಿ ಅದುಮಿದರೆ ಇನ್ನೇನಾಗುತ್ತದೆ! ಎಷ್ಟು ತಿಕ್ಕಿದರೂ ಆ ಪಟ್ಟಿ ಸಡಿಲವಾಗಿ ಸುರಂಗ ಅಗಲ ಆಗುವುದಿಲ್ಲ.

ಹಾಗಾದರೆ ಮುಂಗೈಗೆ ಯಾಕೆ? ಒಂದು ಸಣ್ಣ ಪ್ರಯೋಗ ಮಾಡಿ. ಎಡಗೈಯಿಂದ ಬಲ ಮೊಣಕೈಯ ಸ್ವಲ್ಪ ಕೆಳಗೆ, ಒಳಬದಿಯ ದಪ್ಪ ಮಾಂಸವನ್ನು ಹಿಡಿದುಕೊಳ್ಳಿ. ಈಗ ಬಲಗೈ ಬೆರಳುಗಳನ್ನು ಆಡಿಸಿ. ಹಿಡಿದ ಮಾಂಸ ಒಳಗೆ ಮಿಸುಕುವುದು ಗೊತ್ತಾಗುತ್ತದೆ. ಬೆರಳು ಮಡಚುವ ದೊಡ್ಡ ಸ್ನಾಯುಗಳು ಇರುವುದೇ ಅಲ್ಲಿ, ಸುರಂಗದಲ್ಲಿ ಹಾದುಹೋಗುವುದು ಅವುಗಳ ಬಾಲ ಮಾತ್ರ. ದಿನವಿಡೀ ಬಿಗಿ ಹಿಡಿದು ಕೆಲಸ ಮಾಡುವವರ ಆ ಸ್ನಾಯು ಹಗ್ಗ ಹೊಸೆದ ಹಾಗೆ ಗಂಟುಗಂಟಾಗಿರುತ್ತದೆ. ಅದನ್ನು ಸಡಿಲ ಮಾಡಿದರೆ ಕೈ ಹಗುರ ಅನಿಸುತ್ತದೆ.

ಮಾಡುವ ರೀತಿ ಹೇಳುತ್ತೇನೆ. ಮಡಚಿದ ಟವೆಲ್ ಮೇಲೆ ಕೈ ಅಂಗಾತ ಇಡಿ. ಒಂದೆರಡು ಹನಿ ಎಣ್ಣೆ ಸಾಕು. ಮಣಿಕಟ್ಟಿನ ಗೆರೆಯಿಂದ ನಾಲ್ಕು ಬೆರಳಗಲ ಬಿಟ್ಟು ಮೇಲಿಂದ ಶುರು ಮಾಡಿ, ಇನ್ನೊಂದು ಅಂಗೈಯಿಂದ ಮೊಣಕೈ ಕಡೆಗೆ ಉದ್ದಕ್ಕೆ, ನಿಧಾನವಾಗಿ ನೀವಿ. ಆತುರ ಬೇಡ, ಒಂದು ಎಳೆತಕ್ಕೆ ಒಂದು ಉಸಿರು ಹಿಡಿಯಲಿ. ಏಳೆಂಟು ಸಲ ಆದ ಮೇಲೆ ಮೊಣಕೈ ಹತ್ತಿರದ ದಪ್ಪ ಭಾಗವನ್ನು ಹಿಟ್ಟು ನಾದುವ ಹಾಗೆ ನಾದಿ. ಹೆಬ್ಬೆರಳ ಬುಡದ ದಿಬ್ಬವನ್ನು ಮೆತ್ತಗೆ ಸವರಿದರೆ ಸಾಕು, ಒತ್ತಬೇಡಿ. ಒಟ್ಟು ಐದು ನಿಮಿಷ. ನಡುವೆ ಬೆರಳಲ್ಲಿ ಜೋಮು ಬಂತೋ, ನರದ ಮೇಲೆ ಒತ್ತಡ ಬೀಳುತ್ತಿದೆ ಎಂದೇ ಅರ್ಥ. ಕೈ ತೆಗೆಯಿರಿ. "ನೋವಾದಷ್ಟೂ ಒಳ್ಳೆಯದು" ಅನ್ನುವ ಮಾತು ನಮ್ಮ ಕಸುಬಿನಲ್ಲಿ ಬಹಳ ಓಡುತ್ತದೆ. ಈ ಕಾಯಿಲೆಯ ಮಟ್ಟಿಗೆ ಅದು ಶುದ್ಧ ತಪ್ಪು. ಈಗ ಎಲ್ಲರ ಕೈಯಲ್ಲೂ ಇರುವ ಮಸಾಜ್ ಗನ್ ಅನ್ನಂತೂ ಮಣಿಕಟ್ಟಿನ ಹತ್ತಿರ ತರಬೇಡಿ, ಅದುರುವ ಯಂತ್ರಗಳನ್ನು ಹಿಡಿದು ಕೆಲಸ ಮಾಡುವವರಿಗೇ ಈ ಕಾಯಿಲೆ ಜಾಸ್ತಿ. ಎಣ್ಣೆ ಬಿಸಿ ಮಾಡಿದ್ದರೆ ಜೋಮಿಲ್ಲದ ಕೈಯಿಂದ ಮುಟ್ಟಿ ನೋಡಿ. ಮರಗಟ್ಟಿದ ಬೆರಳಿಗೆ ಸುಟ್ಟರೂ ಗೊತ್ತಾಗುವುದಿಲ್ಲ.

ಇದಕ್ಕೆ ಸಾಕ್ಷಿ ಇದೆಯಾ ಅಂದರೆ, ಸ್ವಲ್ಪ ಇದೆ. ಅಧ್ಯಯನಗಳು ಆಗಿವೆ, ಆದರೆ ಹೆಚ್ಚಿನವು ಚಿಕ್ಕವು, ಕೆಲವೇ ವಾರಗಳವು. ನೋವು, ಜೋಮು ಕಡಿಮೆಯಾಗಿ ಹಿಡಿತ ಸ್ವಲ್ಪ ಸುಧಾರಿಸಿದ್ದು ಕಂಡಿದೆ. ಸ್ಪ್ಲಿಂಟ್ (ಮಣಿಕಟ್ಟು ಬಗ್ಗದ ಹಾಗೆ ಹಿಡಿಯುವ ಕಟ್ಟು) ಜೊತೆಗೆ ಮಸಾಜ್ ಮಾಡಿಕೊಂಡವರಿಗೆ ಬರೀ ಸ್ಪ್ಲಿಂಟ್ ಹಾಕಿದವರಿಗಿಂತ ಜಾಸ್ತಿ ಆರಾಮ ಸಿಕ್ಕಿದ್ದೂ ಇದೆ. ಇಷ್ಟನ್ನೇ ಇಟ್ಟುಕೊಂಡು "ಹತ್ತು ಸಿಟ್ಟಿಂಗ್‌ನಲ್ಲಿ ಗ್ಯಾರಂಟಿ ವಾಸಿ" ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ.

ಈಗ ನನಗೆ ಹೇಳಲು ಕಷ್ಟವಾಗುವ ಸಂಗತಿ. ನನಗೆ ಈ ಕಾಯಿಲೆ ಬರುವ ಮುಂಚಿನದು. ದಿನವಿಡೀ ಕತ್ತರಿ ಹಿಡಿಯುವ ಕೆಲಸದ ಒಬ್ಬ ಹೆಂಗಸು ನಾಲ್ಕು ತಿಂಗಳು ನನ್ನ ಹತ್ತಿರ ಬರುತ್ತಿದ್ದರು. ಪ್ರತಿ ಸಲ ಎದ್ದು ಹೋಗುವಾಗ "ಕೈ ಹೂವಿನ ಹಾಗಾಯ್ತು" ಅನ್ನುವರು. ಮೂರನೇ ತಿಂಗಳಲ್ಲಿ ಜುಮುಜುಮು ನಿಂತೇ ಹೋಯಿತು ಅಂದರು. ಇಬ್ಬರೂ ಖುಷಿಪಟ್ಟೆವು. ಒಂದು ದಿನ ಅವರು ರವಿಕೆ ಹುಕ್ಕು ಹಾಕಲು ಒದ್ದಾಡುವುದನ್ನು ನೋಡಿದೆ. ಎರಡೂ ಕೈ ಪಕ್ಕಪಕ್ಕ ಇಡಿಸಿ ಬದಿಯಿಂದ ನೋಡಿದರೆ, ಎಡಗೈ ಹೆಬ್ಬೆರಳ ಬುಡದ ದಿಬ್ಬ ಉಬ್ಬಿತ್ತು, ಬಲಗೈಯದ್ದು ಚಮಚದಲ್ಲಿ ತೆಗೆದ ಹಾಗೆ ತಗ್ಗಾಗಿತ್ತು. ಜುಮುಜುಮು ನಿಂತದ್ದು ವಾಸಿಯಾಗಿ ಅಲ್ಲ, ನರ ಸುದ್ದಿ ಕಳಿಸುವುದನ್ನೇ ಬಿಟ್ಟಿತ್ತು. ಆಪರೇಶನ್ ಆಯಿತು, ರಾತ್ರಿ ಕೈ ನೋವು ಹೋಯಿತು, ಆದರೆ ಸವೆದ ಹೆಬ್ಬೆರಳಿಗೆ ಮೊದಲಿನ ಬಲ ಬರಲಿಲ್ಲ. ಕೈ ಕೆಡಿಸಿದ್ದು ನನ್ನ ಮಸಾಜ್ ಅಲ್ಲದಿರಬಹುದು. ಅವರ ನಾಲ್ಕು ತಿಂಗಳು ಕಳೆದದ್ದಂತೂ ಹೌದು.

ಅದಕ್ಕೇ ಈಗ ಯಾರೇ ಬಂದರೂ ಮೊದಲು ಎರಡೂ ಕೈ ನೋಡುತ್ತೇನೆ, ಆಮೇಲೆ ಕಿರುಬೆರಳನ್ನು ಕೇಳುತ್ತೇನೆ. ಮೀಡಿಯನ್ ನರ ಹೆಬ್ಬೆರಳಿನಿಂದ ಉಂಗುರ ಬೆರಳಿನ ಅರ್ಧದವರೆಗೆ ಮಾತ್ರ. ಕಿರುಬೆರಳೂ ಜೋಮು ಅಂದರೆ, ಅಥವಾ ಕುತ್ತಿಗೆಯಿಂದಲೇ ನೋವು ಇಳಿಯುತ್ತದೆ ಅಂದರೆ, ಕಾರಣ ಬೇರೆ ಕಡೆಯೂ ಇರಬಹುದು. ನಿಮ್ಮ ಡಾಕ್ಟರ್ ಇದನ್ನೆಲ್ಲ ನೋಡಿರುತ್ತಾರೆ. ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆ ಬೇಕಾ ಅಂತ ಒಂದು ಮಾತು ಕೇಳಿ, ಎರಡೂ ಈ ಕಾಯಿಲೆಗೆ ದಾರಿ ಮಾಡಿಕೊಡುತ್ತವೆ. ಬಸುರಿಯರಲ್ಲಿ ಬಂದದ್ದು ಹೆಚ್ಚಾಗಿ ಹೆರಿಗೆ ಆದ ಮೇಲೆ ಇಳಿಯುತ್ತದೆ. ಸಾಮಾನು ಕೈಯಿಂದ ಜಾರಿ ಬೀಳುತ್ತಿದ್ದರೆ, ಗುಂಡಿ ಹಾಕಲು ಆಗದಿದ್ದರೆ, ಜೋಮು ಹಗಲು ರಾತ್ರಿ ಬಿಡದೆ ಇದ್ದರೆ ಮಸಾಜ್ ಮಾತು ಬಿಡಿ, ನರದ ವೇಗ ಅಳೆಯುವ ಟೆಸ್ಟ್ ಬಗ್ಗೆ ಕೇಳಿ.

ಆಪರೇಶನ್ ನೀವು ಅಂದುಕೊಂಡಷ್ಟು ದೊಡ್ಡದೂ ಅಲ್ಲ. ಸಾಮಾನ್ಯವಾಗಿ ಕೈಗಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಆ ಪಟ್ಟಿಯನ್ನು ಕತ್ತರಿಸಿ ನರಕ್ಕೆ ಜಾಗ ಮಾಡುತ್ತಾರೆ. ಗಾಯ ಪೂರ್ತಿ ಮಾಗಿದ ಮೇಲೆ ಕಲೆಯ ಸುತ್ತ ಮೆತ್ತಗೆ ಮಸಾಜ್ ಮಾಡಲು ಅವರೇ ಹೇಳಿಕೊಡುವುದೂ ಉಂಟು. ಆಪರೇಶನ್‌ಗೂ ಮೊದಲು ಸ್ಟೀರಾಯ್ಡ್ ಇಂಜೆಕ್ಷನ್ ಒಂದು ದಾರಿ ಇದೆ, ಕೆಲವು ವಾರ, ಕೆಲವರಿಗೆ ತಿಂಗಳುಗಳ ಆರಾಮ.

ನಿಮ್ಮದು ಬರೀ ರಾತ್ರಿಯ ಜೋಮು, ಹೆಬ್ಬೆರಳ ಬಲ ಸರಿಯಾಗಿದೆ ಅಂದರೆ, ಡಾಕ್ಟರಿಗೆ ಹೇಳಿ ಆರು ವಾರ ಸ್ಪ್ಲಿಂಟ್ ಹಾಕಿ ನೋಡಿ. ಮಣಿಕಟ್ಟನ್ನು ನೆಟ್ಟಗೆ ಇಡುವಂಥದ್ದು ಬೇಕು, ಹಿಂದಕ್ಕೆ ಬಗ್ಗಿಸಿ ಹಿಡಿಯುವಂಥದ್ದು ಬೇಡ. ಜೊತೆಗೆ ಮುಂಗೈಗೆ ಐದು ನಿಮಿಷ ನೀವಿಕೊಳ್ಳಿ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ. ನನಗೆ ಮೂರನೇ ವಾರದಿಂದ ರಾತ್ರಿ ಏಳುವುದು ನಿಂತಿತು. ಬೆನ್ನು ಒತ್ತಲು ಅಂಗೈ ಬುಡ ಬಿಟ್ಟು ಮುಂಗೈ ಬಳಸುವುದನ್ನು ಕಲಿತೆ, ಅದೂ ಕೆಲಸ ಮಾಡಿರಬೇಕು. ಮೊದಲ ಎರಡು ರಾತ್ರಿ ಸ್ಪ್ಲಿಂಟನ್ನು ನಿದ್ದೆಗಣ್ಣಲ್ಲೇ ಕಿತ್ತು ಮಂಚದ ಕೆಳಗೆ ಎಸೆದಿರುತ್ತೀರಿ. ನಾನೂ ಎಸೆದಿದ್ದೆ. ಬೆಳಿಗ್ಗೆ ಹುಡುಕಿ ತೆಗೆದಿಡಿ, ಮೂರನೇ ರಾತ್ರಿ ಮತ್ತೆ ಹಾಕಿಕೊಳ್ಳಿ.