‘ಮತ್ತು’ ಎಂಬ ಬಾಗಿಲು

ಹಾವೇರಿ ಜಿಲ್ಲೆಯಿಂದ ಗಣಿತ ಮಾಸ್ತರರೊಬ್ಬರು ಬರೆದಿದ್ದಾರೆ:

“2021ರ ಮಾರ್ಚ್‌ನಲ್ಲಿ ನಮ್ಮ ಅಣ್ಣನನ್ನು ಕೋವಿಡ್ ಲಸಿಕೆಗೆ ಕರೆದುಕೊಂಡು ಹೋಗಿದ್ದೆ. ಆಗ ಅವನಿಗೆ 52. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ಇನ್ಸುಲಿನ್ ಚುಚ್ಚಿಕೊಳ್ಳುತ್ತಾನೆ, ಸಕ್ಕರೆ ಹತೋಟಿಗೆ ಬಂದದ್ದೇ ಅಪರೂಪ. ಬಿ.ಪಿ. ಇಲ್ಲ. ‘ಸಕ್ಕರೆ ಮತ್ತು ಬಿ.ಪಿ. ಎರಡೂ ಇರಬೇಕು’ ಎಂದು ವಾಪಸು ಕಳಿಸಿದರು. ಎದುರುಮನೆಯ 61ರ ಪೈಲ್ವಾನರಿಗೆ ಅದೇ ದಿನ ಲಸಿಕೆ ಸಿಕ್ಕಿತು. ಇದು ಯಾವ ನ್ಯಾಯ? ಇನ್ನೊಮ್ಮೆ ಮಹಾಮಾರಿ ಬಂದರೆ ಪ್ರತಿ ಕಾಯಿಲೆಗೂ ಅಂಕ ಕೊಟ್ಟು, 100ಕ್ಕೆ ಇಷ್ಟು ಎಂದು ಕೂಡಿಸಿ, ಹೆಚ್ಚು ಅಂಕದವರಿಗೆ ಮೊದಲು ಕೊಡಲಿ. ಪಟ್ಟಿ ಲಗತ್ತಿಸಿದ್ದೇನೆ.”

ಸಂಪಾದಕರ ಉತ್ತರ:

ಮಾಸ್ತರೇ, ನಮಸ್ಕಾರ. ನಿಮ್ಮ ಅಂಕಪಟ್ಟಿ ಅಚ್ಚುಕಟ್ಟಾಗಿದೆ. ಆದರೆ ಮೊದಲು ಪೈಲ್ವಾನರ ವಿಷಯ ಮುಗಿಸೋಣ, ಯಾಕೆಂದರೆ ಅಲ್ಲಿ ನಿಮ್ಮ ಸಿಟ್ಟು ದಾರಿ ತಪ್ಪಿದೆ.

ಶ್ರೀಮಂತ ದೇಶಗಳ ಅಂಕಿಅಂಶಗಳನ್ನು ಒಟ್ಟುಮಾಡಿ 2020ರಲ್ಲೇ ಹಾಕಿದ ಲೆಕ್ಕ ಹೀಗಿದೆ: ಕೋವಿಡ್ ಸೋಂಕು ತಗಲಿದ ಪ್ರತಿ ಸಾವಿರ ಜನರಲ್ಲಿ 55ನೇ ವಯಸ್ಸಿನವರು ಸುಮಾರು 4 ಮಂದಿ, 65ರವರು 14 ಮಂದಿ, 75ರವರು 46 ಮಂದಿ ಸಾಯುತ್ತಿದ್ದರು. ಹತ್ತು ವರ್ಷಕ್ಕೆ ಮೂರು ಪಟ್ಟು ಮೀರಿ ಏರುತ್ತದೆ. ದುಪ್ಪಟ್ಟಾಗಲು ಎಷ್ಟು ವರ್ಷ ಬೇಕೆಂದು ನೀವೇ ಲಾಗರಿದಂ ಹಾಕಿ ನೋಡಿ, ಸುಮಾರು ಆರು ಬರುತ್ತದೆ. ಇಂಗ್ಲೆಂಡಿನಲ್ಲಿ 1.7 ಕೋಟಿ ವಯಸ್ಕರ ದಾಖಲೆ ಜಾಲಾಡಿದ ಅಧ್ಯಯನದಲ್ಲಿ, ಹತೋಟಿ ಇಲ್ಲದ ಸಕ್ಕರೆ ಕಾಯಿಲೆ ಸಾವಿನ ಅಪಾಯವನ್ನು ಹೆಚ್ಚುಕಮ್ಮಿ ಎರಡು ಪಟ್ಟು ಮಾಡುತ್ತಿತ್ತು. ಅಂದರೆ ನಿಮ್ಮ ಅಣ್ಣನವರ ಕಾಯಿಲೆ ಅವರನ್ನು ಆರು ವರ್ಷ ಮುದುಕರನ್ನಾಗಿಸಿತ್ತು, 52ರಿಂದ 58ಕ್ಕೆ. ಪೈಲ್ವಾನರಿಗೆ 61. ಅವರ ತೋಳು ಎಷ್ಟೇ ಗಟ್ಟಿ ಇರಲಿ, ಈ ವೈರಾಣುವಿನ ಎದುರು ವಯಸ್ಸೇ ದೊಡ್ಡ ಕಾಯಿಲೆ. ಅವರು ಅಣ್ಣನವರ ಪಾಲಿನದನ್ನು ಕಸಿದುಕೊಂಡಿಲ್ಲ. ಲೆಕ್ಕದ ಮೇಷ್ಟ್ರಾಗಿ ನೀವು ಅಷ್ಟು ಬೇಗ ಎದುರುಮನೆಯತ್ತ ಬೊಟ್ಟು ಮಾಡಬಾರದಿತ್ತು.

ಹಾಗೆಂದು ಅಣ್ಣನವರನ್ನು ವಾಪಸು ಕಳಿಸಿದ್ದು ಸರಿ ಎಂದಲ್ಲ. ತಪ್ಪು ಎಲ್ಲಿತ್ತು ಎಂಬುದನ್ನು ನಿಮ್ಮ ಪತ್ರವೇ ಹಿಡಿದಿದೆ, ಆ ಮಾತನ್ನು ನೀವು ಗಮನಿಸದೆ ದಾಟಿಹೋಗಿದ್ದೀರಿ. ‘ಮತ್ತು.’

ಕೇಂದ್ರ ಆರೋಗ್ಯ ಸಚಿವಾಲಯ 60 ದಾಟಿದವರೆಲ್ಲರಿಗೂ ಲಸಿಕೆ ತೆರೆದು, 45ರಿಂದ 59 ವಯಸ್ಸಿನವರಿಗೆ ಯಾವ ಕಾಯಿಲೆ ಇದ್ದರೆ ಮಾತ್ರ ಲಸಿಕೆ ಎಂದು ಹೊರಡಿಸಿದ ಪಟ್ಟಿಯಲ್ಲಿ 20 ಸಾಲುಗಳಿದ್ದವು. ಅದರಲ್ಲಿ ಐದು ಸಾಲುಗಳನ್ನು ‘ಮತ್ತು’ ಕಟ್ಟಿಹಾಕಿತ್ತು. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷ ದಾಟಿರಬೇಕು ಅಥವಾ ಅದರಿಂದ ತೊಡಕುಗಳಾಗಿರಬೇಕು, ಮತ್ತು ಬಿ.ಪಿ.ಗೆ ಚಿಕಿತ್ಸೆ ನಡೆಯುತ್ತಿರಬೇಕು. ಹೃದಯಾಘಾತವಾಗಿ ಬೈಪಾಸ್ ಆಗಿದ್ದರೂ ಸಾಲದು, ಬಿ.ಪಿ.ಗೋ ಸಕ್ಕರೆಗೋ ಮಾತ್ರೆಯೂ ನಡೆಯುತ್ತಿರಬೇಕು. ಲಕ್ವ ಹೊಡೆದದ್ದು ಸಿ.ಟಿ. ಅಥವಾ ಎಂ.ಆರ್.ಐ.ನಲ್ಲಿ ಕಂಡಿರಬೇಕು, ಅದರ ಮೇಲೆ ಮತ್ತೆ ಬಿ.ಪಿ. ಅಥವಾ ಸಕ್ಕರೆ. ಎದೆನೋವಿಗೂ, ಶ್ವಾಸಕೋಶದ ರಕ್ತನಾಳದ ಒತ್ತಡಕ್ಕೂ ಇದೇ ನಿಯಮ. ನೀವು ಮಕ್ಕಳಿಗೆ ಗಣಗಳ ಛೇದನ, ಸಂಯೋಗ ಕಲಿಸಿದವರು. ಛೇದನ ಹಾಕಿದಷ್ಟೂ ಒಳಗೆ ಉಳಿಯುವವರು ಕಡಿಮೆ ಎಂದು ನಿಮಗೆ ಹೇಳಬೇಕಾಗಿಲ್ಲ. ಬ್ರಿಟನ್‌ನ ಪಟ್ಟಿಯಲ್ಲಿ ಮಧುಮೇಹ ಇದ್ದರೆ ಸಾಕಿತ್ತು, ಅದಕ್ಕೆ ಎರಡನೆಯ ಕಾಯಿಲೆಯ ಜಾಮೀನು ಬೇಕಿರಲಿಲ್ಲ.

ಇದಕ್ಕಿಂತ ದೊಡ್ಡ ‘ಮತ್ತು’ ಪಟ್ಟಿಯ ಹಣೆಯ ಮೇಲೇ ಇತ್ತು. 20 ಕಾಯಿಲೆಗಳಲ್ಲಿ ಯಾವುದಾದರೂ ಇರಬೇಕು, ಮತ್ತು ವಯಸ್ಸು 45 ದಾಟಿರಬೇಕು. ಪಟ್ಟಿಯ 18ನೇ ಸಾಲನ್ನು ಈ ಕಣ್ಣಿನಿಂದ ಓದಿ: ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್, ಅಸ್ಥಿಮಜ್ಜೆ ಸೋತವರು, ತಲಸ್ಸೀಮಿಯಾ ಮೇಜರ್. ತಲಸ್ಸೀಮಿಯಾ ಮೇಜರ್ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು, ಮೈಯಲ್ಲಿ ಕೂಡುವ ಕಬ್ಬಿಣ ತೆಗೆಯಲು ಬದುಕಿಡೀ ಔಷಧಿ ಬೇಕು. ನಮ್ಮ ದೇಶದಲ್ಲಿ ಆ ಕಾಯಿಲೆಯೊಂದಿಗೆ 45 ದಾಟಿದವರು ಎಷ್ಟು ಮಂದಿ ಸಿಗುತ್ತಾರೆ? ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಹಾಡಿಗಳಲ್ಲಿ ಸಿಕಲ್ ಸೆಲ್ ಇದೆ, ಅಲ್ಲಿ ಅದರಿಂದ ನರಳುವವರಲ್ಲಿ ಮಕ್ಕಳು, ಹರೆಯದವರು ಬಹಳ. 20ನೇ ಸಾಲಿನಲ್ಲಿ ಸ್ನಾಯುಗಳು ಸವೆಯುತ್ತ ಹೋಗುವ ಮಸ್ಕ್ಯುಲರ್ ಡಿಸ್ಟ್ರೋಫಿ ಇದೆ. ಅದರ ಡುಶೆನ್ ಬಗೆಯಲ್ಲಿ ಹುಡುಗರು ಹತ್ತು ಹನ್ನೆರಡಕ್ಕೆ ಗಾಲಿಕುರ್ಚಿ ಹಿಡಿಯುತ್ತಾರೆ, ನಲವತ್ತೈದು ಕಾಣುವುದು ತೀರ ವಿರಳ. ಪಟ್ಟಿ ಬರೆದ ತಜ್ಞರಿಗೆ ಈ ಕಾಯಿಲೆಗಳು ಅಪಾಯಕಾರಿ ಎಂದು ಗೊತ್ತಿತ್ತು, ಗೊತ್ತಿದ್ದೇ ಸೇರಿಸಿದರು. ಸೇರಿಸಿದ ಮೇಲೆ, ಆ ರೋಗಿಗಳು ಬದುಕಿಯೇ ಇರದ ವಯಸ್ಸಿನಲ್ಲಿ ಬಾಗಿಲು ತೆರೆದರು.

ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ಕುಂಠಿತವಾಗುವ ಡೌನ್ ಸಿಂಡ್ರೋಮ್ ಲೆಕ್ಕವನ್ನೂ ಹಾಕಿ. 2020ರ ಅಕ್ಟೋಬರ್‌ನಲ್ಲಿ ಬಂದ ಬ್ರಿಟಿಷ್ ಅಧ್ಯಯನ ಅದು ಇರುವವರಿಗೆ ಸಾವಿನ ಅಪಾಯ ಸುಮಾರು ಹತ್ತು ಪಟ್ಟು ಎಂದಿತು. ಆರು ವರ್ಷಕ್ಕೊಮ್ಮೆ ದುಪ್ಪಟ್ಟು ಎಂಬ ಅಳತೆಯಲ್ಲಿ ಹತ್ತು ಪಟ್ಟು ಅಂದರೆ ಸುಮಾರು ಇಪ್ಪತ್ತು ವರ್ಷ. 40ರ ಡೌನ್ ಸಿಂಡ್ರೋಮ್ ಮಗ, ಅವನನ್ನು ನೋಡಿಕೊಳ್ಳುವ 60ರ ತಾಯಿ, ಇಬ್ಬರದೂ ಹೆಚ್ಚುಕಡಿಮೆ ಒಂದೇ ಅಪಾಯ. ತಾಯಿಗೆ ಮಾರ್ಚ್ 1ರಂದು ಬಾಗಿಲು ತೆರೆಯಿತು, ಮಗನಿಗೆ ಮೇ ತಿಂಗಳವರೆಗೆ ಇಲ್ಲ. ಗರ್ಭಿಣಿಯರು ಆ 20 ಸಾಲುಗಳಲ್ಲಿ ಎಲ್ಲೂ ಇರಲಿಲ್ಲ. ಅವರಿಗೆ ಲಸಿಕೆ ಕೊಡಬಹುದೆಂದು ಸರ್ಕಾರ ಹೇಳಿದ್ದು 2021ರ ಜುಲೈ 2ರಂದು, ಎರಡನೇ ಅಲೆ ಬಂದು ಹೋದ ಮೇಲೆ. 2009ರ ಎಚ್1ಎನ್1 ಹಾವಳಿಯಲ್ಲಿ ಅಮೆರಿಕದ ಪಟ್ಟಿ ಗರ್ಭಿಣಿಯರಿಂದ ಶುರುವಾಗಿ, 65 ದಾಟಿದವರನ್ನು ಹಿಂದಕ್ಕೆ ಇಟ್ಟಿತ್ತು, ಆ ವೈರಾಣುವಿಗೆ ಹಿರಿಯರಲ್ಲಿ ಹಳೆಯ ರಕ್ಷಣೆ ಇತ್ತೆಂದು. ರೋಗ ಬದಲಾದರೆ ಸಾಲೂ ಬದಲಾಗಬೇಕು ಎಂಬ ತಿಳಿವಳಿಕೆ ಹೊಸದೇನಲ್ಲ.

ತಜ್ಞರ ಪರವಾಗಿ ಹೇಳಬೇಕಾದದ್ದೂ ಇದೆ. ಲಸಿಕೆ ಕಡಿಮೆ ಇತ್ತು, ಎಲ್ಲೋ ಒಂದು ಗೆರೆ ಎಳೆಯಲೇಬೇಕಿತ್ತು. ಪಟ್ಟಿಯಲ್ಲಿ ಒಳ್ಳೆಯ ಯೋಚನೆಗಳೂ ಇದ್ದವು: ಅಂಗಾಂಗ ಕಸಿ ಆದವರಷ್ಟೇ ಅಲ್ಲ, ಕಸಿಗೆ ಕಾಯುತ್ತಿರುವವರನ್ನೂ ಸೇರಿಸಿದ್ದರು. ಕಸಿಯ ನಂತರ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಶುರುವಾದರೆ ಲಸಿಕೆ ಸರಿಯಾಗಿ ಹತ್ತುವುದಿಲ್ಲ, ಎರಡು ವಾರವಾದರೂ ಮುಂಚೆ ಕೊಟ್ಟಿರಬೇಕು. ಅದನ್ನು ಬಲ್ಲವರೇ ಬರೆದ ಸಾಲು ಅದು. ಇಷ್ಟು ಒಪ್ಪಿಕೊಂಡು ಮುಂದೆ ಹೋಗುತ್ತೇನೆ.

ಪ್ರತಿ ‘ಮತ್ತು’ವೂ ಒಂದು ಕಾಗದ ಕೇಳುತ್ತದೆ. ಶ್ವಾಸಕೋಶದ ಕಾಯಿಲೆಯವರು ಎರಡು ವರ್ಷದೊಳಗೆ ಆಸ್ಪತ್ರೆ ಸೇರಿದ್ದ ದಾಖಲೆ ತೋರಿಸಬೇಕು, ಇಲ್ಲವೇ ಊದುವ ಪರೀಕ್ಷೆಯಲ್ಲಿ ಎಫ್‌ಇವಿ1, ಅಂದರೆ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ, ಶೇ 50ಕ್ಕಿಂತ ಕಡಿಮೆ ಬಂದಿರಬೇಕು. ಹೃದಯ ದುರ್ಬಲವಾದವರಿಗೆ ಒಂದು ವರ್ಷದೊಳಗೆ ಆಸ್ಪತ್ರೆ ಸೇರಿದ್ದ ದಾಖಲೆ, ಇಲ್ಲವೇ ಎಕೋ ಮಾಡಿಸಿ ಹೃದಯ ರಕ್ತ ಹೊರದೂಡುವ ಪ್ರಮಾಣ ಶೇ 40ರ ಕೆಳಗೆ ಎಂದು ಬರೆಸಿಕೊಂಡ ಚೀಟಿ ಬೇಕು. ಒಲೆಯ ಹೊಗೆಯಲ್ಲಿ ಮೂವತ್ತು ವರ್ಷ ಅಡುಗೆ ಮಾಡಿ ಏದುಸಿರು ಬಿಡುವ ಹೆಂಗಸು ಊದುವ ಪರೀಕ್ಷೆಯ ಯಂತ್ರ ಕಂಡಿದ್ದಾಳೆಯೇ? ಎಲ್ಲ ಕಾಗದ ಹೊಂದಿಸಿಕೊಂಡು ನೋಂದಾಯಿತ ವೈದ್ಯರ ಬಳಿ ಹೋಗಿ, ಒಂದು ಪುಟದ ಪ್ರಮಾಣಪತ್ರಕ್ಕೆ ಸಹಿ ಹಾಕಿಸಿ, ಕೋವಿನ್‌ಗೆ ಏರಿಸಬೇಕು ಅಥವಾ ಕೈಯಲ್ಲಿ ಹಿಡಿದು ಕೇಂದ್ರಕ್ಕೆ ಹೋಗಬೇಕು. 2017-18ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಇದ್ದವರಲ್ಲಿ ಅದು ತಮಗೆ ಇದೆಯೆಂದು ಗೊತ್ತಿದ್ದವರು ಶೇ 45.8, ಬಿ.ಪಿ. ಇದ್ದವರಲ್ಲಿ ಶೇ 27.9. ಎರಡನ್ನೂ ಗುಣಿಸಿದರೆ ನೂರಕ್ಕೆ 13ರ ಹತ್ತಿರ ಬರುತ್ತದೆ. ಇವು ಸ್ವತಂತ್ರ ಘಟನೆಗಳಲ್ಲ, ಒಂದಕ್ಕೆ ಪರೀಕ್ಷೆ ಆದವರಿಗೆ ಇನ್ನೊಂದೂ ಆಗಿರುತ್ತದೆ ಎಂದು ನೀವು ತಿದ್ದುತ್ತೀರಿ, ಸರಿ. ಎಷ್ಟೇ ತಿದ್ದಿದರೂ ಎರಡೂ ಗೊತ್ತಿದ್ದವರ ಸಂಖ್ಯೆ ಬಿ.ಪಿ. ಗೊತ್ತಿದ್ದವರ ಸಂಖ್ಯೆಯನ್ನು ಮೀರುವುದಿಲ್ಲ. ಉಳಿದವರಿಗೆ ಕಾಯಿಲೆ ಇತ್ತು, ಕಾಗದ ಇರಲಿಲ್ಲ.

ನಿಮ್ಮ ಅಂಕಪಟ್ಟಿಗೂ ನನ್ನ ಆಕ್ಷೇಪ ಇದೇ. ನೀವು ಹೇಳಿದ್ದನ್ನು ಇಂಗ್ಲೆಂಡ್ ಮಾಡಿ ನೋಡಿತು. ವಯಸ್ಸು, ತೂಕ, ಜನಾಂಗ, ವಾಸದ ಬಡಾವಣೆ, ಕಾಯಿಲೆಗಳು, ಎಲ್ಲವನ್ನೂ ಕೂಡಿಸಿ ಅಪಾಯ ಲೆಕ್ಕ ಹಾಕುವ ಕ್ಯೂಕೋವಿಡ್ ಎಂಬ ಸೂತ್ರದಿಂದ 2021ರ ಫೆಬ್ರವರಿಯಲ್ಲಿ 17 ಲಕ್ಷ ಜನರನ್ನು ಅತಿ ಅಪಾಯದ ಪಟ್ಟಿಗೆ ಹೊಸದಾಗಿ ಸೇರಿಸಿದರು. ಅಲ್ಲಿ ಅದು ಸಾಧ್ಯವಾದದ್ದು ಸೂತ್ರದ ಬಲದಿಂದಲ್ಲ, ಪ್ರತಿಯೊಬ್ಬರ ಕಾಯಿಲೆಯ ಚರಿತ್ರೆ ಅವರ ಊರಿನ ವೈದ್ಯರ ಗಣಕದಲ್ಲಿ ಇದ್ದುದರಿಂದ. ಯಾರೂ ಅರ್ಜಿ ಹಾಕಲಿಲ್ಲ, ಪತ್ರ ಮನೆಗೆ ಬಂತು. ಅಲ್ಲೂ ಅದೇ ತಿಂಗಳು ಲಿವರ್‌ಪೂಲ್‌ನ 32ರ ಆರೋಗ್ಯವಂತ ಪತ್ರಕರ್ತರೊಬ್ಬರಿಗೆ ಅತಿಬೊಜ್ಜಿನ ಕಾರಣ ಲಸಿಕೆಗೆ ಕರೆ ಬಂದಿತ್ತು: 6 ಅಡಿ 2 ಅಂಗುಲದ ಎತ್ತರ ದಾಖಲೆಯಲ್ಲಿ 6.2 ಸೆಂಟಿಮೀಟರ್ ಆಗಿ, ಎತ್ತರಕ್ಕೆ ತಕ್ಕ ತೂಕ ಅಳೆಯುವ ಬಿಎಂಐ 28,000 ಎಂದು ಲೆಕ್ಕ ಬಂದಿತ್ತು. ದಾಖಲೆಯೇ ಇಲ್ಲದ ನಾಡಿನಲ್ಲಿ ಅಂಕಪಟ್ಟಿ ತಂದರೆ ಹೆಚ್ಚು ಅಂಕ ಬರುವುದು ಹೆಚ್ಚು ಪರೀಕ್ಷೆ ಮಾಡಿಸಿಕೊಂಡವರಿಗೆ. ಅವರು ಯಾರು ಎಂದು ನಿಮಗೂ ಗೊತ್ತು.

ಪರೀಕ್ಷೆ ಕಡಿಮೆ ಆದದ್ದನ್ನು ಅಪಾಯ ಕಡಿಮೆ ಎಂದು ಓದುವ ತಪ್ಪನ್ನು ದೊಡ್ಡವರೂ ಮಾಡಿದರು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿ.ಡಿ.ಸಿ. ಕಾಯಿಲೆಗಳನ್ನು ‘ಅಪಾಯ ಇದೆ’, ‘ಅಪಾಯ ಇರಬಹುದು’ ಎಂದು ಎರಡು ಕಂಬಗಳಲ್ಲಿ ಬರೆಯಿತು, ಎರಡನೆಯದು ಪುರಾವೆ ಇನ್ನೂ ಸಾಲದವಕ್ಕೆ. ಟೈಪ್ 2 ಮಧುಮೇಹವೂ ಧೂಮಪಾನವೂ ಮೊದಲ ಕಂಬಕ್ಕೆ ಹೋದವು, ಮೈಯಲ್ಲಿ ಇನ್ಸುಲಿನ್ನೇ ಹುಟ್ಟದ ಟೈಪ್ 1 ಎರಡನೆಯದಕ್ಕೆ. ನ್ಯೂಜೆರ್ಸಿಯಂಥ ರಾಜ್ಯಗಳು ಅದನ್ನೇ ಹಿಡಿದು 2021ರ ಜನವರಿಯಲ್ಲಿ ಸಿಗರೇಟು ಸೇದುವವರಿಗೆ ಲಸಿಕೆ ತೆರೆದವು. ಆಸ್ಪತ್ರೆಯಲ್ಲಿ ಸಾಯುವ ಅಪಾಯ ಟೈಪ್ 1 ಇರುವವರಿಗೆ ಸುಮಾರು ಮೂರೂವರೆ ಪಟ್ಟು, ಟೈಪ್ 2 ಇರುವವರಿಗೆ ಎರಡು ಪಟ್ಟು ಎಂದು ಇಂಗ್ಲೆಂಡಿನ ಅಂಕಿಗಳು 2020ರ ಆಗಸ್ಟ್‌ನಲ್ಲೇ ಅಚ್ಚಾಗಿದ್ದವು. ಸಿ.ಡಿ.ಸಿ. ಎರಡು ಕಂಬಗಳನ್ನು ಒಂದು ಮಾಡಿದ್ದು ಮಾರ್ಚ್ ಕೊನೆಗೆ.

ಬಿಗಿ ಪಟ್ಟಿಯಿಂದ ಲಸಿಕೆಯೂ ಹಾಳಾಗುತ್ತದೆ. ಕೋವಿಶೀಲ್ಡ್‌ನ ಒಂದು ಸೀಸೆಯಲ್ಲಿ 5 ಮಿ.ಲೀ., ಅರ್ಧ ಅರ್ಧ ಮಿ.ಲೀ.ನಂತೆ ಹತ್ತು ಡೋಸ್. ತೆರೆದ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ನಾಳೆಗೆ ಇಡುವಂತಿಲ್ಲ. ಸಣ್ಣ ಊರಿನ ಕೇಂದ್ರದಲ್ಲಿ ಕಾಗದ ಸರಿ ಇರುವ ಆರೇ ಮಂದಿ ಬಂದರೆ ನರ್ಸ್ ಏನು ಮಾಡಬೇಕು? ಸೀಸೆ ತೆರೆದರೆ ನಾಲ್ಕು ಡೋಸ್ ಚರಂಡಿಗೆ, ತೆರೆಯದಿದ್ದರೆ ಆರು ಮಂದಿ ಬರಿಗೈಲಿ ಮನೆಗೆ. ಅಣ್ಣನವರಂಥವರನ್ನು ಆಗ ಕರೆದು ಕೂರಿಸುವ ಅಧಿಕಾರವನ್ನು ಆಕೆಗೆ ಬರವಣಿಗೆಯಲ್ಲಿ ಕೊಟ್ಟಿರಬೇಕು.

ಹಾಗಾದರೆ ಹೇಗೆ ಮಾಡಬೇಕು? ಕಾಯಿಲೆಯವರನ್ನು ಸಾಲಿಗೆ ಕರೆಯುವ ಬದಲು, ಅವರ ಹೆಸರು ಈಗಾಗಲೇ ಇರುವ ರಿಜಿಸ್ಟರಿಗೆ ಲಸಿಕೆ ಹೋಗಬೇಕು. ಡಯಾಲಿಸಿಸ್‌ನವರು ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಒಂದೇ ಕೋಣೆಯಲ್ಲಿ ಮಲಗಿರುತ್ತಾರೆ. ಮನೆಯಲ್ಲೇ ಇರಿ ಎಂಬ ಮಾತು ಅವರಿಗೆ ಅನ್ವಯಿಸುವುದೇ ಇಲ್ಲ, ಸಾವಿನ ಅಪಾಯವೂ ಮೂರು ಪಟ್ಟು ಮೀರಿ. ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಕೋಣೆಗೆ ಲಸಿಕೆಯ ಡಬ್ಬಿ ಒಯ್ದರೆ ಎರಡು ಪಾಳಿಯಲ್ಲಿ ಸೀಸೆ ಮುಗಿಯುತ್ತದೆ. ರಕ್ತ ಏರಿಸುವ ಘಟಕದಲ್ಲಿ ತಲಸ್ಸೀಮಿಯಾದವರ ಹೆಸರಿದೆ. ಕೀಮೋ ಘಟಕದ ವೈದ್ಯರಿಗೆ ಯಾರಿಗೆ ಯಾವ ವಾರ ಕೊಡಬೇಕೆಂದು ಗೊತ್ತು. ರೋಗನಿರೋಧಕ ಶಕ್ತಿ ತಗ್ಗಿಸುವ ರಿಟುಕ್ಸಿಮ್ಯಾಬ್ ಔಷಧಿ ಪಡೆದವರಿಗೆ ಆರು ತಿಂಗಳವರೆಗೂ ಲಸಿಕೆ ಸರಿಯಾಗಿ ಹತ್ತದಿರಬಹುದು, ಅದನ್ನು ಸಾಲಿನ ಬಾಗಿಲಲ್ಲಿ ನಿಂತ ಸ್ವಯಂಸೇವಕ ಹೇಗೆ ತಿಳಿದಾನು? ಎಚ್‌ಐವಿ ಇರುವವರಂತೂ ಆ ಪ್ರಮಾಣಪತ್ರ ಹಿಡಿದು ತಮ್ಮ ಊರಿನವರ ನಡುವೆ ನಿಲ್ಲಬೇಕಾಗಿ ಬರಲೇಬಾರದು. ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಕೇಂದ್ರದಲ್ಲಿ ಮಾತ್ರೆ ಕೊಡುವ ದಿನವೇ ಲಸಿಕೆಯನ್ನೂ ಕೊಡಬಹುದು. ರಿಜಿಸ್ಟರ್ ಇಲ್ಲದ ಕಾಯಿಲೆಗಳಿಗೆ ವಯಸ್ಸೊಂದೇ ಸಾಕು, ಐದೈದು ವರ್ಷದಂತೆ ಕೆಳಗಿಳಿಯುತ್ತ ಬರಲಿ. ಎರಡರ ನಡುವೆ ಇರಬೇಕಾದ ಪದ ‘ಅಥವಾ’.

ಆ 20 ಸಾಲುಗಳು 45 ದಾಟಿದವರ ಮಟ್ಟಿಗೆ ಎಷ್ಟು ದಿನ ಬಾಳಿದವು ಗೊತ್ತೇ? 31 ದಿನ. ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ ತೆರೆದರು. 2022ರ ಜನವರಿಯಲ್ಲಿ ಕಾಯಿಲೆಯಿರುವ 60 ದಾಟಿದವರಿಗೆ ಮುನ್ನೆಚ್ಚರಿಕೆ ಡೋಸ್ ಕೊಡುವಾಗ ವೈದ್ಯರ ಪ್ರಮಾಣಪತ್ರ ಬೇಡವೆಂದರು, ಮಾರ್ಚ್‌ನಲ್ಲಿ ಕಾಯಿಲೆಯ ಷರತ್ತನ್ನೇ ತೆಗೆದರು. ಬೇಡವಾಗಬಹುದಾಗಿದ್ದ ಕಾಗದ ಅದು, ಎರಡನೇ ಅಲೆ ಏಳುತ್ತಿದ್ದ ತಿಂಗಳಲ್ಲೇ ಬೇಕೆಂದಿದ್ದರು.

ನನಗೆ ಇದರಲ್ಲಿ ಹೆಚ್ಚು ಸಂಕಟ ಕೊಡುವುದು ಭಾಷೆಯ ವಿಷಯ. ಕೋವಿನ್ ಕನ್ನಡದಲ್ಲಿ ಬಂದದ್ದು 2021ರ ಜೂನ್‌ನಲ್ಲಿ. ‘ಡಿಕಾಂಪೆನ್ಸೇಟೆಡ್ ಸಿರೋಸಿಸ್’ ಎಂಬುದನ್ನು ‘ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದವರು, ರಕ್ತ ವಾಂತಿಯಾದವರು’ ಎಂದು ಬರೆದು ಪಂಚಾಯಿತಿ ಗೋಡೆಗೆ ಅಂಟಿಸಿದ್ದರೆ ಎಷ್ಟೋ ಮಂದಿ ‘ಇದು ನಾನೇ’ ಎನ್ನುತ್ತಿದ್ದರು. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಚೀಟಿ ಇಂಗ್ಲಿಷಿನಲ್ಲಿ, ಅದೂ ಓದಲಾಗದ ಕೈಬರಹದಲ್ಲಿ. ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ಆ ಚೀಟಿಯೇ ನಮ್ಮ ಜನರ ವೈದ್ಯಕೀಯ ಇತಿಹಾಸ, ಮಳೆಗೆ ನೆನೆದರೆ ಇತಿಹಾಸವೂ ಹೋಯಿತು. ಆಶಾ ಕಾರ್ಯಕರ್ತೆಯ ಚೀಲದಲ್ಲಿ ನೀವು ಕೇಳಿದಂಥ ಅಂಕಪಟ್ಟಿಯೊಂದು ಇದೆ, ನಿಮಗೆ ಗೊತ್ತಿರಲಿ. 30 ದಾಟಿದವರ ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಶ್ರಮ, ಮನೆತನದ ಕಾಯಿಲೆ ಕೇಳಿ ಅಂಕ ಹಾಕುತ್ತಾರೆ, 4 ಮೀರಿದವರನ್ನು ಮೊದಲು ತಪಾಸಣೆಗೆ ಕಳಿಸಬೇಕು. ಅದನ್ನು ಪ್ರತಿ ಮನೆಯಲ್ಲೂ ಸರಿಯಾಗಿ ತುಂಬಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಜೋಪಾನವಾಗಿ ಇಟ್ಟರೆ ಮುಂದಿನ ಮಹಾಮಾರಿಯ ಪಟ್ಟಿ ಅರ್ಧ ತಯಾರಾದಂತೆ. ಆ ಕೆಲಸ ಮಾಡುವವರಿಗೆ ನಾವು ಇಂದಿಗೂ ಸಂಬಳ ಎನ್ನದೆ ಗೌರವಧನ ಎನ್ನುತ್ತೇವೆ.

ಈಗ ನೀವು ಮಾಡಬೇಕಾದ್ದು. 200 ಪುಟದ ಒಂದು ನೋಟುಬುಕ್ಕು ತಂದು ಮೊದಲ ಪುಟದಲ್ಲಿ ಕನ್ನಡದಲ್ಲಿ ಬರೆಯಿರಿ: ಅಣ್ಣನವರಿಗೆ ಸಕ್ಕರೆ ಕಾಣಿಸಿದ ವರ್ಷ, ಇನ್ಸುಲಿನ್‌ನ ಹೆಸರು, ಬೆಳಿಗ್ಗೆ ಎಷ್ಟು ಯೂನಿಟ್ ರಾತ್ರಿ ಎಷ್ಟು, ಆಗದ ಔಷಧಿ ಯಾವುದಾದರೂ ಇದ್ದರೆ ಅದು. ಮುಂದಿನ ಪುಟಗಳಲ್ಲಿ ತಾರೀಖಿನ ಜೊತೆ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್, ಕಣ್ಣಿನ ಪರೀಕ್ಷೆ, ಪಾದದ ಪರೀಕ್ಷೆ, ಬಿ.ಪಿ. ಬಿ.ಪಿ. ಇಲ್ಲ ಎಂದು ಬರೆದಿದ್ದೀರಿ. ಕೊನೆಯ ಸಲ ಅಳೆಸಿದ್ದು ಯಾವಾಗ? ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಎಷ್ಟು ಬಂದಿತ್ತು? ಎರಡೂ ನಿಮ್ಮ ಪತ್ರದಲ್ಲಿಲ್ಲ. ಮುಂದಿನ ಪತ್ರದಲ್ಲಿ ತಿಳಿಸಿ.

—ಸಂ.